ಕೂಡ ಬಂದವರು

ಹಿರೇಕೆರೂರಿನ ಸರಕಾರಿ ದವಾಖಾನೆಯಲ್ಲಿ ನಾನು ಚೀಟಿ ಬರೆಯುತ್ತಿದ್ದಾಗ ನನ್ನ ಮೇಜಿನ ಕೆಳಗಿನ ಖಾನೆ ತೆರೆದರೆ ಸಾಕು, ಆಧಾರ ಕಾರ್ಡಿನ ಝರಾಕ್ಸುಗಳು ದಬದಬ ಬೀಳುತ್ತಿದ್ದವು. ಅವನ್ನು ಸರಕಾರ ಕೇಳಿರಲಿಲ್ಲ, ಡಾಕ್ಟರು ಕೇಳಿರಲಿಲ್ಲ, ನಾನಂತೂ ಕೇಳಿರಲಿಲ್ಲ. ಕೇಳಿದವಳು ಗುತ್ತೆವ್ವ. ಈ ಗುತ್ತೆವ್ವ ದವಾಖಾನೆಯ ನೌಕರಿಯವಳಲ್ಲ, ರೋಗಿಯೂ ಅಲ್ಲ. ಮತ್ತೆ ಅಲ್ಲಿ ಯಾಕೆ ಕೂಡುತ್ತಿದ್ದಳು ಎಂಬುದಕ್ಕೆ ಎಂಟು ವರ್ಷ ನನ್ನ ಹತ್ತಿರ ಉತ್ತರವಿರಲಿಲ್ಲ. ಅದು ಸಿಕ್ಕಿದ್ದು ನಾನು ನಿವೃತ್ತನಾಗುವ ವರ್ಷ, ಒಂದು ಅರ್ಜಿ ತುಂಬುವಾಗ.

ನನ್ನ ಹೆಸರು ಶಂಕ್ರಪ್ಪ. ಊರಲ್ಲಿ ಚೀಟಿ ಶಂಕ್ರಪ್ಪ ಎಂದರೆ ಗೊತ್ತಾಗುತ್ತದೆ. ಸಿಟ್ಟಿನವನು ಎಂಬ ಹೆಸರೂ ಉಂಟು, ಅದು ಸುಳ್ಳಲ್ಲ. ಸಂತೆಯ ದಿನ ಮುನ್ನೂರು ಜನ ಕಿಂಡಿಯೊಳಗೆ ಒಟ್ಟಿಗೇ ಕೈ ತೂರಿಸಿದರೆ ಯಾವ ಸಾಧುವಿಗೂ ಸಿಟ್ಟು ಬರುತ್ತದೆ. ಹಳ್ಳಿಯವರು ಸಂತೆಯ ದಿನವೇ ದವಾಖಾನೆಗೆ ಬರುತ್ತಾರೆ. ಒಂದು ಕೈಯಲ್ಲಿ ಉಳ್ಳಾಗಡ್ಡಿಯ ಚೀಲ, ಇನ್ನೊಂದು ಕೈಯಲ್ಲಿ ಹಳೆಯ ಚೀಟಿ. ಮನುಷ್ಯನಿಗೆ ಬೇನೆ ಬರುವುದೂ ಸಂತೆಯ ದಿನ ನೋಡಿಯೇ ಎಂದು ನಾನು ಗೊಣಗುತ್ತಿದ್ದೆ.

ಅಂಥ ದಿನವೇ ಗುತ್ತೆವ್ವ ಅಬಲೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ವಯಸ್ಸು ಅರವತ್ತರ ಆಸುಪಾಸು. ತೆಳ್ಳಗಿನ ಆಳು, ಇಳಕಲ್ಲ ಸೀರೆ, ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು ನೋಡುವ ರೂಢಿ. ಗಂಡ ಮಂಜಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡೆಕರೆ ಹೊಲದಲ್ಲಿ ಗೋವಿನಜೋಳ. ಮಗ ಮೈಲಾರಿ ರಾಶಿ ಮಾಡುವ ಮಷೀನಿನ ಜೊತೆ ಹಾನಗಲ್ಲ, ಶಿಗ್ಗಾಂವ ಅಂತ ಸುಗ್ಗಿ ಪೂರಾ ತಿರುಗುವವನು. ಮನೆಯಲ್ಲಿ ಇರುವವರು ಗುತ್ತೆವ್ವ, ಸೊಸೆ ಹೇಮಾ, ಆರು ವರ್ಷದ ಮೊಮ್ಮಗಳು ಸಮತಾ. ಸಂತೆಗೆ ಬಂದ ಹೆಂಗಸು ಸಂತೆಯ ಕಡೆ ಮುಖ ಮಾಡದೆ ನೇರ ಬಂದು ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ತುದಿಗೆ ಕೂತರೆ, ಮಧ್ಯಾಹ್ನ ಪಾಳಿ ಮುಗಿದ ಮೇಲೆಯೇ ಏಳುತ್ತಿದ್ದಳು.

ಮೊದಲ ವರ್ಷ ನಾನು ಅವಳನ್ನು ಎಬ್ಬಿಸಲು ಮಾಡದ ಪ್ರಯತ್ನವಿಲ್ಲ. ಏ, ನಿನ್ನ ಚೀಟಿ ಎಲ್ಲಿ, ಏ, ಪಾಳಿ ಇಲ್ಲದವರು ಏಳಬೇಕು, ಎಂದು ಕಿಂಡಿಯಿಂದಲೇ ಕೂಗುತ್ತಿದ್ದೆ. ಮೇಲಿನ ಓಣಿಯ ಹೆಂಗಸರಾಗಿದ್ದರೆ ಆ “ಏ” ನನ್ನ ಬಾಯಿಂದ ಬರುತ್ತಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಅವಳು ಎದ್ದು ನಿಲ್ಲುತ್ತಿದ್ದಳು, ನಾನು ಚೀಟಿಗೆ ತಲೆ ಬಗ್ಗಿಸಿದ ಕೂಡಲೆ ಮತ್ತೆ ಕೂಡುತ್ತಿದ್ದಳು. ಹೀಗೆ ಒಂದು ವರ್ಷ ನಡೆಯಿತು. ಕಡೆಗೆ ಸೋತವನು ನಾನೇ.

ಅವಳ ಕೆಲಸ ಏನೆಂದು ಹೊರಗಿನವರಿಗೆ ತಿಳಿದದ್ದು ಡಾಕ್ಟರ ತಹಮೀನಾ ಬಂದ ಮೇಲೆ. ಅವರು ಮೈಸೂರು ಕಡೆಯವರು, ವಯಸ್ಸು ಮೂವತ್ತು ದಾಟಿರಲಿಲ್ಲ, ಬಹಳ ಒಳ್ಳೆಯ ಹುಡುಗಿ. ಬಂದ ಮೊದಲ ವಾರ ಒಬ್ಬ ಮುದುಕಿ ಹೊಟ್ಟೆ ಕಡಿಯುತ್ತಿದೆ ಎಂದಳು. ತಹಮೀನಾ ಅವಳ ಹೊಟ್ಟೆಯ ಮೇಲೆ ಗುಳ್ಳೆ ಎದ್ದಿದೆಯೇ ಎಂದು ಬೆಳಕು ಹಿಡಿದು ನೋಡಿ, ಏನೂ ಕಾಣದೆ, ಹಚ್ಚಿಕೊಳ್ಳುವ ಮುಲಾಮು ಬರೆಯತೊಡಗಿದರು. ಅವರ ಊರಲ್ಲಿ ಕಡಿತವೆಂದರೆ ಕೆರೆತ. ಆಗ ಬಾಗಿಲಿನಿಂದ ಗುತ್ತೆವ್ವ ತಲೆ ಒಳಗೆ ಹಾಕಿ, ಇದು ಕೆರೆಯುವ ಕಡಿತವಲ್ಲ, ಒಳಗೆ ನುಲಿಯುವ ಕಡಿತ ಎಂದು ಹೇಳಿದಳು. ಡಾಕ್ಟರು ನಕ್ಕು ಅವಳನ್ನು ಒಳಗೆ ಕರೆದರು. ಅಂದಿನಿಂದ ಅವಳ ಬೆಂಚು ಒಂದು ಮೊಳ ಮುಂದೆ ಸರಿದು ಬಾಗಿಲಿಗೇ ಬಂತು. “ಹೊಟ್ಟಿಲೆ ಅದಾಳ” ಅಂದರೆ ಬಸುರಿ, “ಮೈ ನುಗ್ಗಾಗೇತಿ” ಅಂದರೆ ಮೈಯೆಲ್ಲ ನೋವು, ಹೀಗೆ ಒಂದೊಂದೇ ಮಾತನ್ನು ತಹಮೀನಾ ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಜನ ಇದನ್ನೇ ಗುತ್ತೆವ್ವನ ಸೇವೆ ಎಂದುಕೊಂಡರು. ನಾನೂ ಅಂದುಕೊಂಡಿದ್ದೆ. ನಿಜವಾದ ಕೆಲಸ ಬೇರೆಯೇ ಇತ್ತು, ಅದನ್ನು ನಾನು ಕಂಡುಹಿಡಿದದ್ದು ಝರಾಕ್ಸಿನ ದಾರಿಯಿಂದ.

ನಮ್ಮ ಕಡೆ ಯಾರೂ ಒಬ್ಬರೇ ದವಾಖಾನೆಗೆ ಬರುವುದಿಲ್ಲ. ಸೊಸೆಯ ಕೂಡ ಅತ್ತೆ, ಹೆಂಡತಿಯ ಕೂಡ ಗಂಡ, ಮುದುಕರ ಕೂಡ ಮಗ. ಪ್ರೀತಿಯಿಂದಲೇ ಬರುತ್ತಾರೆ. ಆದರೆ ಡಾಕ್ಟರು ರೋಗಿಯ ಮುಖ ನೋಡಿ ಏನಾಗುತ್ತದೆ ಎಂದು ಕೇಳಿದರೆ ಬಾಯಿ ತೆರೆಯುವವರು ಕೂಡ ಬಂದವರು. ಏನಿಲ್ಲರಿ, ಗ್ಯಾಸು. ಏನಿಲ್ಲರಿ, ಸರಿಯಾಗಿ ಉಣ್ಣುವುದಿಲ್ಲ. ಏನಿಲ್ಲರಿ, ಚಿಂತೆ ಹಚ್ಚಿಕೊಂಡಿದ್ದಾಳೆ. ರೋಗಿ ಸುಮ್ಮನೆ ಕೂತು ತನ್ನ ಬೇನೆಯ ವಿಷಯವನ್ನು ಬೇರೆಯವರ ಬಾಯಿಂದ ಕೇಳುತ್ತಾನೆ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದಲ್ಲ.

ಗುತ್ತೆವ್ವ ಪಾಳಿಯಲ್ಲಿ ಕೂತವರನ್ನು ನೋಡುತ್ತಲೇ ಇರುತ್ತಿದ್ದಳು. ಯಾರ ಕೂಡ ಬಂದವರ ಬಾಯಿ ಬಹಳ ಜೋರಾಗಿದೆಯೋ, ಅವರ ಪಾಳಿ ಬರುವ ಹೊತ್ತಿಗೆ ಸರಿಯಾಗಿ ಹತ್ತಿರ ಹೋಗಿ, ಆಧಾರ ಕಾರ್ಡಿನ ಝರಾಕ್ಸು ತಂದಿದ್ದೀರಾ ಎಂದು ಬಹಳ ಕಾಳಜಿಯಿಂದ ಕೇಳುತ್ತಿದ್ದಳು. ತಂದಿಲ್ಲ ಎಂದರೆ, ಚೀಟಿ ಬರೆಯುವ ಸಾಹೇಬರು ಬಹಳ ಸಿಟ್ಟಿನವರು, ಓಡಿಹೋಗಿ ಮಾಡಿಸಿಕೊಂಡು ಬನ್ನಿ, ರೋಗಿಯನ್ನು ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದಳು. ಝರಾಕ್ಸಿನ ಅಂಗಡಿ ಗೇಟಿನಾಚೆ, ರಸ್ತೆ ದಾಟಿ. ಅಂಗಡಿಯ ಫಕ್ಕೀರೇಶ ಮೊದಲೇ ನಿಧಾನದ ಮನುಷ್ಯ. ಹೋಗಿ ಬರಲು ಕಾಲು ತಾಸು. ಆ ಕಾಲು ತಾಸಿನಲ್ಲಿ ರೋಗಿ ಒಬ್ಬಳೇ ಡಾಕ್ಟರ ಮುಂದೆ ಕೂತಿರುತ್ತಿದ್ದಳು. ಝರಾಕ್ಸು ತಂದವರು ಅದನ್ನು ನನ್ನ ಕಿಂಡಿಗೆ ತೂರಿ, ಸಾಹೇಬರ ಮುಖ ನೋಡಿ ಹೆದರಿ ಓಡುತ್ತಿದ್ದರು. ನನ್ನ ಸಿಟ್ಟಿನಿಂದ ಊರಿಗೆ ಆದ ಉಪಯೋಗ ಅದೊಂದೇ ಇರಬೇಕು.

ಒಮ್ಮೆ ಅಕ್ಬರಸಾಬ ಬಂದಿದ್ದರು, ಬಸ್‌ಸ್ಟ್ಯಾಂಡಿನ ಹಿಂದೆ ಅಂಗಿ ಹೊಲಿಯುತ್ತಿದ್ದವರು. ರಕ್ತದೊತ್ತಡ ಇಳಿಯುತ್ತಲೇ ಇರಲಿಲ್ಲ. ಮಗ ಬುದ್ಧಿವಂತ, ಗುಳಿಗೆಯನ್ನು ತಪ್ಪದೆ ಕೊಡುತ್ತೇವೆ ಎಂದು ಪ್ರತಿ ಸಲ ಹೇಳುತ್ತಿದ್ದ, ಡಾಕ್ಟರು ಪ್ರತಿ ಸಲ ಗುಳಿಗೆ ಹೆಚ್ಚು ಮಾಡುತ್ತಿದ್ದರು. ಗುತ್ತೆವ್ವ ಮಗನನ್ನು ಝರಾಕ್ಸಿಗೆ ಅಟ್ಟಿದಳು. ಅಕ್ಬರಸಾಬ ಕೋಣೆಯಲ್ಲಿ ಎಡಬಲ ನೋಡಿ, ಸವಣೂರಿನ ಮಗಳ ಮನೆಗೆ ಹೋಗುವ ದಿನ, ಬರುವ ದಿನ ತಾನು ಗುಳಿಗೆಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡರು. ನುಂಗಿದರೆ ತಾಸಿಗೊಮ್ಮೆ ಒಂದಕ್ಕೆ ಹೋಗಬೇಕು, ಬಸ್ಸು ನಿಲ್ಲುವುದಿಲ್ಲ. ಮಗಳಿಗೆ ಕೂಸಾದಾಗಿನಿಂದ ವಾರ ವಾರ ಹೋಗುತ್ತಿದ್ದರು. ಈ ಮಾತನ್ನು ಮಗನ ಮುಂದೆ ಹೇಗೆ ಹೇಳುವುದು. ತಹಮೀನಾ ಗುಳಿಗೆಯ ಹೊತ್ತು ಬದಲಿಸಿದರು, ಒತ್ತಡ ಇಳಿಯಿತು. ಮಗನಿಗೆ ಇಂದಿಗೂ ಗೊತ್ತಿಲ್ಲ.

ಇದೆಲ್ಲ ಅವಳಿಗೆ ಯಾಕೆ ಬೇಕಿತ್ತು? ಊರಿನವರು ತಮಗೆ ತೋಚಿದ್ದು ಹೇಳುತ್ತಿದ್ದರು. ಪಂಚಾಯಿತಿ ಚುನಾವಣೆಗೆ ನಿಲ್ಲುವವಳು ಎಂದರು ಕೆಲವರು. ಸೊಸೆಗೆ ದವಾಖಾನೆಯಲ್ಲಿ ನೌಕರಿ ಕೊಡಿಸಲು ಎಂದರು ಕೆಲವರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಎಲ್ಲರೂ ಅದನ್ನೇ ಕಾರಣ ಮಾಡಿದರು. ಬಸ್ಸಿಗೆ ರೊಕ್ಕ ಇದ್ದ ಕಾಲದಿಂದಲೂ ಅವಳು ಬರುತ್ತಿದ್ದದ್ದು ಯಾರಿಗೂ ನೆನಪಾಗಲಿಲ್ಲ. ಅವಳನ್ನೇ ಕೇಳಿದರೆ, ನಿಮ್ಮ ಫ್ಯಾನಿನ ಗಾಳಿ ಬಹಳ ಛಲೋ ಐತ್ರಿ ಎನ್ನುತ್ತಿದ್ದಳು. ನಮ್ಮ ಫ್ಯಾನು ತಿರುಗುವುದು ಕೈಯಿಂದ ತಿರುಗಿಸಿದಂತೆ. ಆ ಉತ್ತರ ಸುಳ್ಳೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ದಿನ ಹೋದಂತೆ ನಾನು ಕೇಳುವುದು ಬಿಟ್ಟೆ. ಚಹಾ ತರಿಸಿದಾಗ ಅವಳಿಗೂ ಒಂದು ಕಪ್ಪು ಹೇಳುವ ರೂಢಿ ಬಿತ್ತು. ಸಂತೆಯ ದಿನ ಆ ಬೆಂಚಿನ ತುದಿ ಖಾಲಿ ಕಂಡರೆ ನನಗೆ ಇಡೀ ದಿನ ಏನೋ ಕಳೆದಂತಾಗುತ್ತಿತ್ತು.

ಹೀಗಿರುವಾಗ ಮೇಲಿನಿಂದ ಒಂದು ಆದೇಶ ಬಂತು. ಹೊರಗಿನವರು ಡಾಕ್ಟರ ಕೋಣೆಯ ಹತ್ತಿರ ಇರಬಾರದು. ಸ್ವಯಂಸೇವಕರಿದ್ದರೆ ಅರ್ಜಿ ಕೊಟ್ಟು ಎದೆಗೆ ಹಾಕುವ ಬಿಲ್ಲೆ ಪಡೆಯಬೇಕು. ಕೊಡದವರಿಗೆ ಮುಂದಿನ ತಿಂಗಳಿಂದ ಪ್ರವೇಶವಿಲ್ಲ. ತಪ್ಪು ಆದೇಶವೇನಲ್ಲ, ದವಾಖಾನೆಗೆ ಒಂದು ಶಿಸ್ತು ಬೇಕು. ತಹಮೀನಾ ತಾವೇ ಅರ್ಜಿಯ ನಮೂನೆ ತಂದು ನನ್ನ ಕೈಗಿಟ್ಟು, ಇವರು ಮಾತ್ರ ತಪ್ಪಿಹೋಗಬಾರದು, ನೀವೇ ತುಂಬಿಸಿ ಎಂದರು. ಗುತ್ತೆವ್ವನಿಗೆ ವಿಷಯ ಹೇಳಿದಾಗ ಅವಳ ಮುಖ ಸಣ್ಣಗಾಯಿತು. ಬೆಂಚು ಬಿಡಬೇಕಾದರೆ ಏನು ಮಾಡುತ್ತೀ ಎಂದು ನಾನು ಚೇಷ್ಟೆಗೆ ಕೇಳಿದೆ. ಅವಳು ನಗಲಿಲ್ಲ.

“ಅದೊಂದ ಹೋತಂದ್ರ ನನಗ ಮನ್ಯಾಗೂ ಇರಾಕ ಆಗೂದಿಲ್ರಿ” ಎಂದಳು.

ಆ ಮಾತು ನನಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ಪಾಳಿ ಮುಗಿದ ಮೇಲೆ ಅರ್ಜಿ ತುಂಬಲು ಕೂತೆವು. ಹೆಸರು, ವಯಸ್ಸು, ಊರು ಎಲ್ಲ ಸರಳ. ಏಳನೇ ಕಲಮಿನಲ್ಲಿ “ಸೇವೆ ಮಾಡಬಯಸುವ ಕಾರಣ” ಎಂದಿತ್ತು. ಅವಳನ್ನು ಕೇಳುವ ಗೋಜಿಗೆ ನಾನು ಹೋಗಲಿಲ್ಲ. ಇಂಥ ಕಲಮುಗಳನ್ನು ಮೂವತ್ತು ವರ್ಷ ತುಂಬಿದ ಕೈ ನನ್ನದು. ಸಮಾಜದ ಬಗ್ಗೆ ನಿಸ್ವಾರ್ಥ ಕಳಕಳಿ ಇರುವುದರಿಂದ ಎಂದು ಒಂದೇ ಗುಕ್ಕಿನಲ್ಲಿ ಬರೆದೆ. ಗುತ್ತೆವ್ವ ಮೂರನೇ ಇಯತ್ತೆ ಓದಿದವಳು, ಕೂಡಿಸಿ ಕೂಡಿಸಿ ಓದಲು ಬರುತ್ತಿತ್ತು. ಬೆರಳಿಟ್ಟು ಓದುತ್ತ ನಿಸ್ವಾರ್ಥ ಎಂಬ ದೊಡ್ಡ ಶಬ್ದದ ಮೇಲೆ ನಿಂತಳು. ಅದೇನು ಎಂದು ಕೇಳಿದಳು. ತನಗಾಗಿ ಏನನ್ನೂ ಬಯಸದೆ ಮಾಡುವುದು ಎಂದು ಅರ್ಥ ಹೇಳಿದೆ.

“ಹಂಗಾರ ಅದನ್ನ ಹೊಡದ ಹಾಕ್ರಿ. ಸುಳ್ಳ ಐತಿ.”

ನನಗೆ ಸಿಟ್ಟು ಬಂತು. ಇದನ್ನು ಯಾರೂ ಓದುವುದಿಲ್ಲ, ಎಲ್ಲರೂ ಹೀಗೇ ಬರೆಸುತ್ತಾರೆ, ಬಿಲ್ಲೆ ಸಿಕ್ಕರೆ ಸಾಕಲ್ಲ ಎಂದು ದನಿ ಏರಿಸಿದೆ. ಅವಳು ಏರಿಸಲಿಲ್ಲ.

“ವಾರಾ ವಾರಾ ಆ ಬೆಂಚಿನ ಮ್ಯಾಲೆ ಕುಂತು ಮಂದಿಗೆ ಖರೇ ಹೇಳ್ರಿ ಅಂತೇನಿ. ನನ್ನ ಪಾಳಿ ಬಂದಾಗ ಸುಳ್ಳ ಬರಸಲೇನ್ರಿ, ಶಂಕ್ರಪ್ಪಾರ?”

ಆಮೇಲೆ ಹೇಳಿದಳು. ಒಂಬತ್ತು ವರ್ಷದ ಹಿಂದಿನ ಮಾತು. ಹೇಮಾ ಮದುವೆಯಾಗಿ ಬಂದು ವರ್ಷ ತುಂಬುವುದರೊಳಗೆ ಬಸುರಿಯಾದಳು. ಎಂಟು ತಿಂಗಳಾದಾಗ ಒಂದು ದಿನ ಒಲೆಯ ಮುಂದೆ ಕೂತು, ಕೂಸು ಎರಡು ದಿನದಿಂದ ಮಿಸುಕಾಡುತ್ತಿಲ್ಲ ಎಂದು ಅತ್ತೆಗೆ ಸಣ್ಣ ದನಿಯಲ್ಲಿ ಹೇಳಿದಳು. ಗುತ್ತೆವ್ವ ಗದರಿದಳು. ಹೊಟ್ಟೆಯೊಳಗಿನ ಕೂಸಿನ ವಿಷಯದಲ್ಲಿ ಇಲ್ಲ ಎಂಬ ಮಾತು ಬಾಯಿಂದ ಹೊರಡಬಾರದು, ಅಂದರೆ ಅದು ಹಾಗೇ ಆಗುತ್ತದೆ ಎಂದು ನಂಬಿದ ಹೆಂಗಸು. ಮರುದಿನ ಪರವೂರಿನ ಒಂದು ದವಾಖಾನೆಗೆ ತಪಾಸಣೆಗೆ ಕರೆದುಕೊಂಡು ಹೋದಳು. ಅಲ್ಲಿ ಬಹಳ ಪಾಳಿ. ಕೂಸು ಚೆನ್ನಾಗಿ ಆಡುತ್ತಿದೆಯೇ ಎಂದು ಅಲ್ಲಿನ ಡಾಕ್ಟರು ಹೇಮಾಳ ಮುಖ ನೋಡಿ ಕೇಳಿದರು. ಹೇಮಾ ಬಾಯಿ ತೆರೆದಳು. ಅಷ್ಟರಲ್ಲಿ ಗುತ್ತೆವ್ವ, ಬಹಳ ಛಲೋ ಆಡುತ್ತದೆ ಎಂದುಬಿಟ್ಟಳು. ಅಶುಭದ ಮಾತು ಸೊಸೆಯ ಬಾಯಿಂದ ಬೀಳುವ ಮೊದಲು ಶುಭದ ಮಾತು ತಾನು ಆಡಬೇಕು ಎಂಬ ಆತುರ. ಹೇಮಾ ತೆರೆದ ಬಾಯಿ ಮುಚ್ಚಿದಳು. ಡಾಕ್ಟರು ಅಷ್ಟನ್ನೇ ಬರೆದುಕೊಂಡು ಮುಂದಿನವರನ್ನು ಕರೆದರು. ಮೂರನೇ ದಿನಕ್ಕೆ ಬೇನೆ ಎದ್ದು ಹಡೆದಳು. ಕೂಸಿಗೆ ಜೀವ ಇರಲಿಲ್ಲ.

ನಾನು ಸಮಾಧಾನ ಹೇಳಲು ಹೋದೆ. ಆ ದಿನ ನಿಜ ಹೇಳಿದ್ದರೂ ಕೂಸು ಉಳಿಯುತ್ತಿತ್ತು ಎಂದು ಯಾರು ಹೇಳಬಲ್ಲರು ಎಂದೆ.

“ಉಳೀತಿತ್ತೋ ಇಲ್ಲೋ ನನಗ ಗೊತ್ತಿಲ್ರಿ. ಅವರು ಕೇಳಿದ್ದು ಆಕೀನ್ನ. ಹೇಳಿದಾಕಿ ನಾನು.” ಹಾಳೆಯನ್ನು ನನ್ನ ಕಡೆಗೆ ಸರಿಸಿದಳು. “ಈಗ ಒಬ್ಬಾಕಿ ಬಾಯಿ ಬಿಟ್ಟು ತನ್ನ ಬ್ಯಾನಿ ತಾನ ಹೇಳಿದ್ಲಂದ್ರ ನನಗ ಒಂದೀಟ ಉಸರ ಬಿಟ್ಟಂಗಾಕ್ಕೇತಿ. ಅದರ ಸಲುವಾಗಿ ಬರ್ತೇನಿ. ಇದ ನನ್ನ ಸ್ವಾರ್ಥ ಅಲ್ಲೇನ್ರಿ?”

ಹೇಮಾ ಆ ವಿಷಯ ಎಂದಾದರೂ ಎತ್ತಿದ್ದಾಳೆಯೇ ಎಂದು ಕೇಳಿದೆ. ಒಂದು ದಿನವೂ ಇಲ್ಲ. ಬೈದಿಲ್ಲ, ಹಂಗಿಸಿಲ್ಲ. ಆಮೇಲೆ ಸಮತಾ ಹುಟ್ಟಿದಳು, ಮನೆಯಲ್ಲಿ ನಗು ಬಂತು, ಅತ್ತೆ ಸೊಸೆ ಒಂದೇ ತಾಟಿನಲ್ಲಿ ಉಣ್ಣುವಷ್ಟು ಸಲಿಗೆಯೂ ಬೆಳೆಯಿತು. ಆದರೆ ಆ ಒಂದು ಮಾತನ್ನು ಇಬ್ಬರೂ ಬಳಸಿಕೊಂಡೇ ನಡೆಯುತ್ತಿದ್ದರು. ಬೈದಿದ್ದರೆ ಛಲೋ ಇತ್ತು ಎಂದಳು ಗುತ್ತೆವ್ವ.

ನಾನು ಹೊಸ ನಮೂನೆ ತೆಗೆದು ಏಳನೇ ಕಲಮಿನಲ್ಲಿ ಅವಳು ಹೇಳಿದಂತೆಯೇ ಬರೆದೆ. “ನನ್ನ ಸೊಸೆ ಗರ್ಭಿಣಿಯಾಗಿದ್ದಾಗ ಅವಳನ್ನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಅದು ಸುಳ್ಳು ಉತ್ತರ. ಮೂರನೇ ದಿನ ಕೂಸು ಸತ್ತು ಹುಟ್ಟಿತು. ಇನ್ನೊಬ್ಬರಿಗೆ ಹೀಗಾಗಬಾರದೆಂದು ಮತ್ತು ನನ್ನ ಮನಸ್ಸಿನ ಸಮಾಧಾನಕ್ಕಾಗಿ ಈ ಕೆಲಸ ಮಾಡುತ್ತೇನೆ.” ಇಷ್ಟು ಪ್ರಾಮಾಣಿಕವಾದ ಅರ್ಜಿಯನ್ನು ನಾನು ನನ್ನ ಸರ್ವೀಸಿನಲ್ಲಿ ಬರೆದಿರಲಿಲ್ಲ. ಅವಳು ಓದಿ ತಲೆಯಾಡಿಸಿ ತನ್ನ ಹೆಸರು ಬರೆದಳು. ಆಮೇಲೆ ನಾನು ಹಾಳೆಯ ಕಡೆಯ ಸಾಲು ನೋಡಿದೆ. “ಮೇಲಿನದನ್ನು ಓದಿ ಒಪ್ಪಿದ ಕುಟುಂಬದ ಸದಸ್ಯರ ಸಹಿ.”

ಮೈಲಾರಿ ಶಿಗ್ಗಾಂವ ಕಡೆ ಹೋದವನು ಇನ್ನು ಇಪ್ಪತ್ತು ದಿನ ಬರುವಂತಿರಲಿಲ್ಲ. ಅರ್ಜಿಯ ಕೊನೆಯ ದಿನ ಅದಕ್ಕಿಂತ ಮೊದಲು. ಉಳಿದವಳು ಹೇಮಾ ಒಬ್ಬಳೇ, ಪಿಯುಸಿ ಓದಿದವಳು, ಓದದೆ ಸಹಿ ಹಾಕುವವಳಲ್ಲ. ಒಂಬತ್ತು ವರ್ಷ ಬಾಯಿಂದ ಬರದ ಮಾತು ಈಗ ಹಾಳೆಯ ಮೇಲೆ ಅವಳ ಕೈಗೆ ಹೋಗಬೇಕಾಗಿತ್ತು. ಗುತ್ತೆವ್ವ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ನಾನು ಸರಕಾರಿ ನೌಕರ, ನನ್ನ ತಲೆ ಓಡುವುದು ಹಾಗೆಯೇ. ಮೇಲಿನ ಭಾಗವನ್ನು ಹಿಂದಕ್ಕೆ ಮಡಿಸಿ, ಸಹಿಯ ಜಾಗವಷ್ಟೇ ಕಾಣುವಂತೆ ಮಾಡಿಕೊಟ್ಟೆ. ಪುಕ್ಕಟೆ ಬಸ್ಸಿನ ಪಾಸಿಗೆ ಎಂದು ಹೇಳಿ ಸಹಿ ಮಾಡಿಸು ಎಂದೆ. ಅವಳು ಆ ಮಡಿಕೆಯನ್ನು ನೋಡುತ್ತ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡಳು.

ಮುಂದಿನ ಸಂತೆಗೆ ಬಂದಳು. ಅರ್ಜಿ ತಂದಿರಲಿಲ್ಲ. ಮರೆತೆ ಎಂದಳು. ಅವಳು ಮರೆಯುವ ಹೆಂಗಸಲ್ಲ. ಅದರ ಮುಂದಿನ ಸಂತೆಗೆ ಬರಲೇ ಇಲ್ಲ. ಮರುದಿನವೇ ಕೊನೆಯ ದಿನ. ಆ ಸಂತೆಯ ದಿನದ ಹಾವಳಿ ಹೇಳತೀರದು. ಒಬ್ಬ ಗಂಡ ಹೆಂಡತಿಯ ಬದಲು ತಾನೇ ಎಲ್ಲ ಹೇಳಿ, ತನ್ನದೇ ನಾಲಗೆ ಚಾಚಿ ತೋರಿಸಿದ ಎಂದು ತಹಮೀನಾ ಹೊರಗೆ ಬಂದು ಹೇಳಿದರು. ನಕ್ಕರು, ಆದರೆ ಖಾಲಿ ಬೆಂಚನ್ನು ನೋಡಿ ನಗು ನಿಂತಿತು. ನಾನು ಕಿಂಡಿಯನ್ನು ಸರೋಜವ್ವ ಎಂಬ ಆಯಾಳಿಗೆ ಒಪ್ಪಿಸಿ ಎರಡು ಗಂಟೆಯ ಬಸ್ಸು ಹತ್ತಿದೆ. ಮೂವತ್ತು ವರ್ಷದಲ್ಲಿ ಸರಕಾರಿ ಕೆಲಸಕ್ಕೆಂದು ಯಾರ ಮನೆಗೂ ಹೋದವನಲ್ಲ ನಾನು. ದಾರಿಯುದ್ದಕ್ಕೂ ಅವಳನ್ನು ಬೈಯುತ್ತಲೇ ಹೋದೆ.

ಅಬಲೂರಿನಲ್ಲಿ ಅವಳ ಮನೆಯ ಮುಂದೆ ಅಂಗಳದ ತುಂಬ ಗೋವಿನಜೋಳ ಒಣಹಾಕಿತ್ತು. ಹೇಮಾ ಕಾಲಿನಿಂದ ಕಾಳು ಹರವುತ್ತಿದ್ದಳು. ದುಂಡು ಮುಖದ, ಗಟ್ಟಿ ಕಣ್ಣಿನ ಹೆಣ್ಣುಮಗಳು. ಬರ್ರಿ, ಕುಂತ್ರಿ ಎಂದು ಕಟ್ಟೆಯ ಮೇಲೆ ಚಾಪೆ ಹಾಸಿ, ನೀರು ಬೆಲ್ಲ ತಂದಿಟ್ಟಳು. ಗುತ್ತೆವ್ವ ಒಳಗಿನಿಂದ ಬಂದು ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಮಾತು ಎಲ್ಲಿಂದ ಸುರುಮಾಡಬೇಕೆಂದು ನನಗೆ ತಿಳಿಯಲಿಲ್ಲ. ನಾಳೆ ಕೊನೆಯ ದಿನ, ಒಂದು ಸಹಿ ಉಳಿದಿದೆ, ಮಗಳೇ ನೀನು ಹಾಕಿಕೊಟ್ಟರೆ ನಾನು ಇದೇ ಬಸ್ಸಿಗೆ ಹೋಗುತ್ತೇನೆ, ಸುಮ್ಮನೆ ಬಸ್ಸಿನ ಪಾಸಿನ ಕೆಲಸ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹೇಮಾ ಅತ್ತೆಯ ಮುಖ ನೋಡಿದಳು.

ಗುತ್ತೆವ್ವ ಒಳಗೆ ಹೋಗಿ ಗೂಡಿನಿಂದ ಹಾಳೆ ತಂದಳು. ನಾನು ಮಡಿಸಿದ ಹಾಗೆಯೇ ಇತ್ತು. ಕಟ್ಟೆಯ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡು ಆ ಮಡಿಕೆಯನ್ನು ಬಿಚ್ಚಿದಳು, ಅಂಗೈಯಿಂದ ಎರಡು ಸಲ ತೀಡಿದಳು. ಸೊಸೆಗೆ ಕೊಟ್ಟಳು.

“ಪಾಸಿಂದಲ್ಲವ್ವ. ಪೂರಾ ಓದು. ಓದಿದ ಮ್ಯಾಲೆ ನಿನಗ ಸಹಿ ಮಾಡಾಕ ಮನಸಾಗ್ಲಿಲ್ಲಂದ್ರ ಮಾಡಬ್ಯಾಡ. ನಾನೇನೂ ಅನ್ನೂದಿಲ್ಲ.”

ಹೇಮಾ ನಿಂತೇ ಓದಿದಳು. ಏಳನೇ ಕಲಮಿಗೆ ಬಂದಾಗ ಕೂತಳು. ಮತ್ತೊಮ್ಮೆ ಓದಿದಳು ಎಂದು ಕಾಣುತ್ತದೆ, ಕಣ್ಣು ಮೇಲಕ್ಕೆ ಹೋಗಿ ಮತ್ತೆ ಇಳಿಯಿತು. ಗುತ್ತೆವ್ವ ಅವಳ ಮುಖ ನೋಡಲಾರದೆ ಅಂಗಳದ ಕಾಳನ್ನು ನೋಡುತ್ತಿದ್ದಳು. ಒಂದು ಕೋಳಿ ಬಂದು ಕಾಳು ಹೆಕ್ಕುತ್ತಿತ್ತು, ಅದನ್ನು ಓಡಿಸುವವರು ಯಾರೂ ಇರಲಿಲ್ಲ. ಬೆಂಚು ಹೋಗುವುದಕ್ಕಿಂತ ದೊಡ್ಡದೇನೋ ಇಲ್ಲಿ ಹೋಗಬಹುದು, ಅದಕ್ಕೆ ನಾನು ಕಾರಣನಾಗಬಹುದು ಎಂದು ಆಗ ಹೊಳೆಯಿತು.

ಹೇಮಾ ನನ್ನ ಹತ್ತಿರ ಪೆನ್ನು ಕೇಳಿ ಇಸಿದುಕೊಂಡಳು. ಸಹಿ ಹಾಕಿದಳು, ಚೊಕ್ಕ ಅಕ್ಷರ. ನಾನು ಹಾಳೆಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಅದರ ಮೇಲೆ ಅಂಗೈ ಊರಿಕೊಂಡು ಕೂತಳು.

“ಅತ್ತಿ, ಒಂದ ಮಾತ ಕೇಳ್ತೇನಿ. ನನಗ ಮಂಪರ ಹರಿಯೂದ್ರೊಳಗ ಕೂಸಿನ್ನ ಒಯ್ದಬಿಟ್ಟಿದ್ರಿ. ಗಂಡೋ ಹೆಣ್ಣೋ ನನಗ ಯಾರೂ ಹೇಳ್ಲಿಲ್ಲ. ಯಾರ್ನ ಕೇಳ್ಬೇಕಂತ ನನಗೂ ತಿಳೀಲಿಲ್ಲ.”

ಒಂಬತ್ತು ವರ್ಷ. ಅದೇ ಮನೆ, ಅದೇ ತಾಟು, ಅದೇ ಒಲೆ. ಮುಖ ನೋಡಿದರೆ ತಾಯಿ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಹಿರಿಯ ಹೆಂಗಸರು ಕೂಸನ್ನು ಮರೆಮಾಡಿ ಒಯ್ದರು, ಹಡೆದ ದವಾಖಾನೆಯ ಕಾಗದ ಪತ್ರ ಮೈಲಾರಿ ಹರಿದು ಹಾಕಿದ, ಎಲ್ಲರೂ ಒಳ್ಳೆಯದನ್ನೇ ಬಯಸಿದರು. ಹಡೆದವಳು ಏನನ್ನು ಹಡೆದೆ ಎಂಬುದನ್ನು ತಿಳಿಯದೆ ಉಳಿದಳು. ಗುತ್ತೆವ್ವನಿಗೂ ಇದು ಹೊಳೆದಿರಲಿಲ್ಲ ಎಂಬುದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹೇಮಾ ಕಾದಳು. ಅವಸರ ಮಾಡಲಿಲ್ಲ.

“ಹೆಣ್ಣ ಇತ್ತವ್ವ” ಎಂದಳು ಗುತ್ತೆವ್ವ. “ತೆಲಿ ತುಂಬ ಕೂದಲಿತ್ತು. ಗದ್ದ ನಿನ್ನಂಗ.”

ಹೇಮಾ ಇನ್ನೊಂದು ಕೇಳಿದಳು, ಬಣ್ಣ ಹೇಗಿತ್ತು ಎಂದು. ಆಮೇಲೆ ಯಾವ ಅರಿವೆಯಲ್ಲಿ ಸುತ್ತಿದಿರಿ ಎಂದು. ಆಮೇಲೆ ಹೊಲದಲ್ಲಿ ಯಾವ ಬದುವಿನ ಹತ್ತಿರ ಎಂದು. ಗುತ್ತೆವ್ವ ಒಂದೊಂದಕ್ಕೂ ಉತ್ತರ ಹೇಳಿದಳು, ಅಳುತ್ತಲೇ ಹೇಳಿದಳು. ತನ್ನ ಮದುವೆಯ ಸೀರೆಯ ಸೆರಗು ಹರಿದು ಸುತ್ತಿದ್ದಳಂತೆ. ಹೇಮಾ ಹತ್ತಿರ ಸರಿದು ಅತ್ತೆಯ ಕೈ ಹಿಡಿದುಕೊಂಡಳು, ಆದರೆ ಕೇಳುವುದು ನಿಲ್ಲಿಸಲಿಲ್ಲ. ಅಲ್ಲಿ ನಾನು ಇರಬೇಕಾದವನಲ್ಲ. ಸದ್ದು ಮಾಡದೆ ಎದ್ದು, ಹಾಳೆಯನ್ನು ಅಲ್ಲೇ ಬಿಟ್ಟು, ಬಸ್‌ಸ್ಟಾಪಿಗೆ ನಡೆದೆ. ಕಣ್ಣೊರೆಸಿಕೊಳ್ಳುವಾಗ ಹೊಲಕ್ಕೆ ಹೊರಟ ಯಾರೋ ಸಾಹೇಬರಿಗೆ ಏನಾಯಿತು ಎಂದು ಕೇಳಿದರು. ಅವರನ್ನೂ ಗದರಿಕೊಂಡೆ.

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಕಿಂಡಿಯ ಮುಂದೆ ನಿಂತಿದ್ದರು. ಇಬ್ಬರ ಕಣ್ಣೂ ಊದಿಕೊಂಡಿದ್ದವು. ಅರ್ಜಿಯನ್ನು ಹೇಮಾ ಕೊಟ್ಟಳು. ನಾನು ರೂಢಿಯಂತೆ ಮೊದಲಿನಿಂದ ನೋಡುತ್ತ ಬಂದೆ. ಏಳನೇ ಕಲಮಿನಲ್ಲಿ ನನ್ನ ಬರಹದ ಮೇಲೆ ಬೇರೆ ಶಾಯಿಯ ಗೀಟು ಬಿದ್ದಿತ್ತು. “ಕೂಸು” ಎಂಬುದನ್ನು ಹೊಡೆದುಹಾಕಿ ಅದರ ಮೇಲೆ ಚೊಕ್ಕ ಅಕ್ಷರದಲ್ಲಿ “ಮಗಳು” ಎಂದು ಬರೆದಿತ್ತು. ಅಷ್ಟು ಬರೆದ ಮೇಲೆ ವಾಕ್ಯ ತಪ್ಪಾಗುತ್ತದಲ್ಲ. “ಹುಟ್ಟಿತು” ಎಂಬುದನ್ನೂ ಹೊಡೆದು “ಹುಟ್ಟಿದಳು” ಎಂದು ತಿದ್ದಿತ್ತು.

ಹೊಡೆದು ತಿದ್ದಿದ ಅರ್ಜಿಯನ್ನು ತೆಗೆದುಕೊಳ್ಳಬಾರದು ಎಂಬುದು ನಿಯಮ. ನಾನು ಸಿಕ್ಕಾ ಒತ್ತಿ ಒಳಗೆ ಕಳಿಸಿದೆ.